ರಾತ್ರಿ ನಿದ್ದೆ ಬರುತ್ತೆ, ಬೆಳಿಗ್ಗೆ ಮಾತ್ರ ಸುಸ್ತು: ಸಂಜೆ ಕಾಫಿಯದ್ದೇ ಕೆಲಸವಾ?

ನಿದ್ದೆಗಣ್ಣು

ಎಲ್ಲರಿಗೂ ನಮಸ್ಕಾರ. ಕೆಫೀನ್ ಬಗ್ಗೆ ಚೆನ್ನಾಗಿ ತಿಳಿದವರು ಇದ್ರೆ ಸ್ವಲ್ಪ ಬಿಡಿಸಿ ಹೇಳಿ. ಬೆಳಿಗ್ಗೆ ಎದ್ದ ಕೂಡಲೇ ಒಂದು ಕಾಫಿ, ಹನ್ನೊಂದು ಗಂಟೆಗೆ ಒಂದು, ಸಂಜೆ ನಾಲ್ಕಕ್ಕೆ ದೊಡ್ಡ ಲೋಟದಲ್ಲಿ ಇನ್ನೊಂದು. ರಾತ್ರಿ ಹನ್ನೊಂದಕ್ಕೆ ಮಲಗಿದ್ರೆ ನಿದ್ದೆ ಬರಲ್ಲ ಅಂತೇನಿಲ್ಲ, ಬರುತ್ತೆ. ಆದ್ರೆ ಬೆಳಿಗ್ಗೆ ಏಳುವಾಗ ಮಲಗೇ ಇಲ್ಲವೇನೋ ಅನ್ನೋಷ್ಟು ಮೈ ಭಾರ. ನಮ್ಮಕ್ಕ ರಾತ್ರಿ ಊಟ ಆದ್ಮೇಲೆ ಸ್ಟ್ರಾಂಗ್ ಕಾಫಿ ಕುಡಿದು ಹೋಗಿ ಮಲಗ್ತಾಳೆ, ಬೆಳಿಗ್ಗೆ ಲವಲವಿಕೆಯಿಂದ ಏಳ್ತಾಳೆ. ಒಂದೇ ಅಪ್ಪ ಅಮ್ಮನ ಮಕ್ಕಳು ನಾವು, ಇಷ್ಟು ವ್ಯತ್ಯಾಸ ಹೇಗೆ?

ಇನ್ನೊಂದು ಪ್ರಶ್ನೆ. ರಜಾ ದಿನ ಕಾಫಿ ತಪ್ಪಿದ್ರೆ ಮಧ್ಯಾಹ್ನದ ಹೊತ್ತಿಗೆ ತಲೆನೋವು ಶುರು. ಇದನ್ನ ಚಟ ಅನ್ನಬೇಕಾ?

ಔಷಧಪಾಠ

ನಿದ್ದೆಗಣ್ಣು ಅವರೇ, ಔಷಧಶಾಸ್ತ್ರ ಪಾಠ ಹೇಳುವುದು ನನ್ನ ಕೆಲಸ. ಪ್ರತಿ ವರ್ಷ ತರಗತಿಯಲ್ಲಿ ಇದೇ ಪ್ರಶ್ನೆ ಬರುತ್ತದೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಇದರಲ್ಲಿ ಮೊದಲು ತಿಳಿಯಬೇಕಾದದ್ದು ಕೆಫೀನ್ ಅಲ್ಲ, ಅಡೆನೊಸಿನ್.

ನಮ್ಮ ಜೀವಕೋಶಗಳು ಕೆಲಸಕ್ಕೆ ಬಳಸುವ ಇಂಧನ ಎಟಿಪಿ. ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳು ಅದನ್ನು ಖರ್ಚು ಮಾಡುತ್ತಿರುತ್ತದೆ, ಖರ್ಚಾದಂತೆಲ್ಲ ಅಡೆನೊಸಿನ್ ಅನ್ನುವ ಅಣು ಕೋಶಗಳ ಹೊರಗೆ ಸೇರುತ್ತಾ ಹೋಗುತ್ತದೆ. ನರಕೋಶಗಳ ಮೇಲೆ ಇದನ್ನು ಗುರುತಿಸುವ ಗ್ರಾಹಕಗಳಿವೆ, ಅಂದರೆ ರಿಸೆಪ್ಟರುಗಳು. ಎ1 ಮತ್ತು ಎ2ಎ ಅನ್ನುವ ಎರಡು ನಮ್ಮ ವಿಷಯಕ್ಕೆ ಮುಖ್ಯ. ಅಡೆನೊಸಿನ್ ಬಂದು ಅಲ್ಲಿ ಕೂತರೆ ನರಕೋಶಗಳ ಚಟುವಟಿಕೆ ತಗ್ಗುತ್ತದೆ, ನಮಗೆ ತೂಕಡಿಕೆ ಬರುತ್ತದೆ. ರಾತ್ರಿ ಮಲಗಿದಾಗ ಅದರ ಮಟ್ಟ ಇಳಿಯುತ್ತದೆ.

ಕೆಫೀನ್ ಅಣುವಿನ ಆಕಾರ ಅಡೆನೊಸಿನ್‌ನ ಒಂದು ಭಾಗವನ್ನು ಹೋಲುತ್ತದೆ. ಹಾಗಾಗಿ ಅದೂ ಅದೇ ಗ್ರಾಹಕಗಳಿಗೆ ಹೋಗಿ ಅಂಟಿಕೊಳ್ಳುತ್ತದೆ, ಆದರೆ ಅವುಗಳನ್ನು ಚಾಲೂ ಮಾಡುವುದಿಲ್ಲ. ಜಾಗ ಮಾತ್ರ ಹಿಡಿದಿರುತ್ತದೆ. ಅಡೆನೊಸಿನ್ ಸುತ್ತಮುತ್ತ ಇದ್ದೇ ಇರುತ್ತದೆ, ಮಿದುಳಿಗೆ ಅದು ತಿಳಿಯುವುದಿಲ್ಲ ಅಷ್ಟೆ. ಎ2ಎ ಗ್ರಾಹಕ, ಹುರುಪಿಗೆ ಸಂಬಂಧಿಸಿದ ಮಿದುಳಿನ ರಾಸಾಯನಿಕವಾದ ಡೋಪಮಿನ್‌ನ ಒಂದು ಗ್ರಾಹಕದ ಪಕ್ಕದಲ್ಲೇ ಇದ್ದು ಅದನ್ನು ಹತ್ತಿಕ್ಕುತ್ತಿರುತ್ತದೆ. ಕೆಫೀನ್ ಆ ಒತ್ತಡ ತೆಗೆದಾಗ ಡೋಪಮಿನ್‌ನ ಪರಿಣಾಮ ಹೆಚ್ಚುತ್ತದೆ. ಕಾಫಿ ಕುಡಿದ ಮೇಲೆ ಬರುವ ಉತ್ಸಾಹ, ಕೆಲಸ ಮಾಡೋಣ ಅನ್ನಿಸುವ ಮನಸ್ಸು ಬಹುಪಾಲು ಅಲ್ಲಿಂದಲೇ. ಎ2ಎ ಗ್ರಾಹಕವೇ ಇಲ್ಲದಂತೆ ಮಾಡಿದ ಇಲಿಗಳಿಗೆ ಕೆಫೀನ್ ಕೊಟ್ಟರೆ ಅವುಗಳ ಎಚ್ಚರ ಹೆಚ್ಚಲಿಲ್ಲ, 2005ರಲ್ಲಿ ಪ್ರಕಟವಾದ ಫಲಿತಾಂಶ ಇದು.

ಅಕ್ಕನ ವಿಷಯಕ್ಕೆ ಆಮೇಲೆ ಬರುತ್ತೇನೆ. ಈಗ ತರಗತಿಗೆ ಹೊತ್ತಾಯಿತು.

ಓಟಗಾರ

ಮೇಡಂ, ಕೆಫೀನ್ ಸುಸ್ತನ್ನ ಮುಚ್ಚಿಡುತ್ತೆ ಅಷ್ಟೇ ಅಂದ್ರೆ ನಾನು ಪೂರ್ತಿ ಒಪ್ಪಲ್ಲ. ಉದ್ದ ಓಟಕ್ಕೆ ಮುಂಚೆ ತಗೊಂಡ್ರೆ ನಿಜವಾಗ್ಲೂ ಸಮಯ ಸುಧಾರಿಸುತ್ತೆ. ಗಡಿಯಾರಕ್ಕೆ ಸುಳ್ಳು ಹೇಳೋಕೆ ಬರಲ್ವಲ್ಲ. ದೇಹದ ಒಂದು ಕೆಜಿ ತೂಕಕ್ಕೆ 3ರಿಂದ 6 ಮಿಲಿಗ್ರಾಂ ಲೆಕ್ಕದಲ್ಲಿ ತಗೊಂಡಾಗ ತಾಳಿಕೆಯ ಆಟಗಳಲ್ಲಿ ಪ್ರಯೋಜನ ಆಗುತ್ತೆ ಅಂತ ಎಷ್ಟೋ ಅಧ್ಯಯನಗಳು ಹೇಳಿವೆ. ಒಂದು ಕಾಲದಲ್ಲಿ ಮೂತ್ರದಲ್ಲಿ ಇಂತಿಷ್ಟಕ್ಕಿಂತ ಹೆಚ್ಚು ಕೆಫೀನ್ ಸಿಕ್ಕಿದ್ರೆ ಕ್ರೀಡಾಪಟುವನ್ನ ಹೊರಗೇ ಹಾಕ್ತಿದ್ರು. 2004ರಲ್ಲಿ ವಾಡಾ, ಅಂದ್ರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅದನ್ನ ನಿಷೇಧದ ಪಟ್ಟಿಯಿಂದ ತೆಗೀತು.

ಔಷಧಪಾಠ

ಓಟಗಾರರೇ, ನೀವು ಹೇಳಿದ್ದು ಸರಿ, ಅದು ನನ್ನ ಮಾತಿಗೆ ವಿರುದ್ಧವೂ ಅಲ್ಲ. ಓಡುವಾಗ ನಾವು ನಿಧಾನವಾಗುವುದು ಸ್ನಾಯುಗಳಲ್ಲಿ ಇಂಧನ ಪೂರ್ತಿ ಖಾಲಿಯಾಗಿ ಅಲ್ಲ. ಅದಕ್ಕೂ ಎಷ್ಟೋ ಮೊದಲೇ ಮಿದುಳು "ಸಾಕು" ಅನ್ನುತ್ತದೆ. ಕೆಫೀನ್ ತೆಗೆದುಕೊಂಡವರಿಗೆ ಅದೇ ವೇಗ, ಅದೇ ದೂರ ಕಡಿಮೆ ಕಷ್ಟದ್ದಾಗಿ ಅನಿಸುತ್ತದೆ. ಹಾಗಾಗಿ ಇನ್ನಷ್ಟು ಹೊತ್ತು ಜೋರಾಗಿ ಓಡುತ್ತಾರೆ. ಸಮಯ ನಿಜವಾಗಿಯೇ ಸುಧಾರಿಸುತ್ತದೆ. ಹಾಗಂತ ಕೆಫೀನ್‌ನಲ್ಲಿ ಲೆಕ್ಕಕ್ಕೆ ಸಿಗುವಂಥ ಕ್ಯಾಲೊರಿ ಇಲ್ಲ, ಖರ್ಚಾಗುವುದು ನಿಮ್ಮದೇ ದೇಹದ ದಾಸ್ತಾನು. ಸಂಜೆ ಸ್ಪರ್ಧೆ ಇದ್ದರೆ ಆ ರಾತ್ರಿಯ ನಿದ್ದೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇರುಳುಪಾಳಿ

ನಾನು ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಡ್ಯೂಟಿ ಮಾಡೋರಿಗೆ ಕಾಫಿ ಎಷ್ಟು ಅನ್ನೋದಕ್ಕಿಂತ ಯಾವಾಗ ಅನ್ನೋದೇ ದೊಡ್ಡ ವಿಷಯ. ಪಾಳಿ ಶುರು ಆಗುವಾಗ ಒಂದು, ನಡುರಾತ್ರಿ ದಾಟಿದ ಮೇಲೆ ಬೇಕಿದ್ರೆ ಅರ್ಧ ಕಪ್. ಮೂರು ಗಂಟೆ ಆದ್ಮೇಲೆ ಮುಟ್ಟಲ್ಲ. ಬೆಳಿಗ್ಗೆ ಮನೆಗೆ ಹೋಗಿ ಮಲಗಬೇಕಲ್ಲ. ಹೊಸದಾಗಿ ಬಂದ ಹುಡುಗಿಯರು ಬೆಳಗಿನ ಜಾವ ಐದಕ್ಕೆ ಕಾಫಿ ಕುಡೀತಾರೆ, ಆಮೇಲೆ ಹಗಲು ನಿದ್ದೆ ಬರಲ್ಲ ಅಂತ ಅಳ್ತಾರೆ. ನೋಡಿದ್ರೆ ಸಂಕಟ ಆಗುತ್ತೆ.

ಇನ್ನೊಂದು ಉಪಯೋಗದ ವಿಷಯ. ಕುಡಿದ ಕೂಡಲೇ ಕೆಫೀನ್ ತಲೆಗೆ ಏರಲ್ಲ, ಪೂರ್ತಿ ರಕ್ತಕ್ಕೆ ಸೇರೋಕೆ ಮುಕ್ಕಾಲು ಗಂಟೆ ಬೇಕು. ಅದಕ್ಕೇ ಕಾಫಿ ಕುಡಿದು ತಕ್ಷಣ ಒಂದು ಕಾಲು ಗಂಟೆ ಕಣ್ಣು ಮುಚ್ಚಿದ್ರೆ ಏಳುವ ಹೊತ್ತಿಗೆ ಎರಡೂ ಕೆಲಸ ಮಾಡುತ್ತೆ. ಬ್ರಿಟನ್ನಿನಲ್ಲಿ ರೈನರ್ ಮತ್ತು ಹಾರ್ನ್ ಅನ್ನೋರು ನಿದ್ದೆಗೆಟ್ಟ ಚಾಲಕರನ್ನ ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಕೂರಿಸಿ ಪರೀಕ್ಷೆ ಮಾಡಿದ್ರು, 1997ರಲ್ಲಿ ಅದು ಪ್ರಕಟ ಆಯ್ತು. 200 ಮಿಲಿಗ್ರಾಂ ಕೆಫೀನ್ ಜೊತೆಗೆ ಕಾಲು ಗಂಟೆಯೊಳಗಿನ ನಿದ್ದೆ ಸೇರಿದಾಗ ತೂಕಡಿಕೆ ಚೆನ್ನಾಗಿ ತಗ್ಗಿತ್ತು. ಆದ್ರೆ ಕಾಲು ಗಂಟೆಗೆ ಅಲಾರಂ ಇಡಿ. ಅರ್ಧ ಗಂಟೆ ದಾಟಿ ಗಾಢ ನಿದ್ದೆಗೆ ಹೋದ್ರೆ ಎದ್ದಾಗ ಮಂಪರು ಇನ್ನೂ ಜಾಸ್ತಿ.

ನಿದ್ದೆಗಣ್ಣು

ಇರುಳುಪಾಳಿ ಅಕ್ಕಾ, ನೀವು ಹೇಳೋದು ನೋಡಿದ್ರೆ ನನ್ನ ನಾಲ್ಕು ಗಂಟೆ ಕಾಫಿ ಹನ್ನೊಂದಕ್ಕೂ ಮೈಯಲ್ಲಿರುತ್ತೆ ಅಂತಾಯ್ತು. ಆದ್ರೂ ನಿದ್ದೆ ಬರುತ್ತಲ್ಲ?

ಔಷಧಪಾಠ

ಬರುತ್ತದೆ. ನಿದ್ದೆ ಬಂತು ಅನ್ನುವುದೂ ಒಳ್ಳೆಯ ನಿದ್ದೆಯಾಯಿತು ಅನ್ನುವುದೂ ಬೇರೆ ಬೇರೆ. ನಿಮ್ಮ ಪ್ರಶ್ನೆಯ ಉತ್ತರ ಇಲ್ಲೇ ಇದೆ ಅನ್ನಿಸುತ್ತದೆ, ಆದ್ದರಿಂದ ಲೆಕ್ಕ ಹಾಕಿ ತೋರಿಸುತ್ತೇನೆ.

ಆರೋಗ್ಯವಂತ ವಯಸ್ಕರಲ್ಲಿ ಕೆಫೀನ್‌ನ ಅರ್ಧಾಯುಷ್ಯ ಸರಾಸರಿ 5 ಗಂಟೆ. ಅಂದರೆ ರಕ್ತದಲ್ಲಿರುವ ಪ್ರಮಾಣ ಅರ್ಧಕ್ಕೆ ಇಳಿಯಲು ಅಷ್ಟು ಹೊತ್ತು ಬೇಕು. ಬ್ರೂ ಮಾಡಿದ 240 ಮಿಲಿಲೀಟರ್ ಕಾಫಿಯಲ್ಲಿ ಸುಮಾರು 95 ಮಿಲಿಗ್ರಾಂ ಇರುತ್ತದೆ, ಕಡು ಮಾಡಿದರೆ ಇನ್ನೂ ಹೆಚ್ಚು. ನಿಮ್ಮ ದೊಡ್ಡ ಲೋಟದಲ್ಲಿ 200 ಅಂತ ಇಟ್ಟುಕೊಳ್ಳೋಣ. ನಾಲ್ಕಕ್ಕೆ ಕುಡಿದರೆ ಒಂಬತ್ತಕ್ಕೆ 100 ಉಳಿಯುತ್ತದೆ, ರಾತ್ರಿ ಎರಡಕ್ಕೆ 50. ಅಂದರೆ ನಡುರಾತ್ರಿ ಯಾರೋ ನಿಮ್ಮನ್ನು ಎಬ್ಬಿಸಿ ಒಂದು ಕಪ್ ಟೀ ಕುಡಿಸಿ ಮತ್ತೆ ಮಲಗಿಸಿದ ಹಾಗೆ. ಬೆಳಗಿನ ಎರಡು ಕಪ್‌ಗಳಲ್ಲಿ ಉಳಿದದ್ದನ್ನು ನಾನಿನ್ನೂ ಕೂಡಿಸಿಲ್ಲ.

ಇಷ್ಟು ಉಳಿದಿದ್ದರೂ ದಿನವಿಡೀ ದುಡಿದ ದೇಹಕ್ಕೆ ನಿದ್ದೆ ಹತ್ತಬಹುದು. ಕಡಿಮೆಯಾಗುವುದು ಗಾಢ ನಿದ್ದೆ, ಅಂದರೆ ಮಿದುಳಿನಲ್ಲಿ ದೊಡ್ಡ ನಿಧಾನದ ಅಲೆಗಳು ಏಳುವ ಹಂತ. ಮಲಗಿದವರಿಗೆ ಅದು ಕಮ್ಮಿಯಾಯಿತು ಅಂತ ತಿಳಿಯುವ ದಾರಿಯೇ ಇಲ್ಲ. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ 400 ಮಿಲಿಗ್ರಾಂ ಕೆಫೀನನ್ನು ಮಲಗುವುದಕ್ಕೆ 6 ಗಂಟೆ ಮೊದಲು ಕೊಟ್ಟಿದ್ದರು. ಉಪಕರಣದಿಂದ ಅಳೆದಾಗ ಒಟ್ಟು ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಗಿತ್ತು. 12 ಜನರ ಸಣ್ಣ ಅಧ್ಯಯನ ಅದು, ಪ್ರಮಾಣವೂ ದೊಡ್ಡದು. ಅದಕ್ಕೇ ಅದೇ ಅಂಕಿಯನ್ನು ಎಲ್ಲರಿಗೂ ಅನ್ವಯಿಸಬೇಡಿ. ಆದರೆ ದಿಕ್ಕು ಸ್ಪಷ್ಟವಾಗಿದೆ.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ಮುಂದಿನ ಭಾಗ. ಗಾಢ ನಿದ್ದೆ ಸಾಲದೆ ಬೆಳಿಗ್ಗೆ ಸುಸ್ತು, ಸುಸ್ತಿಗೆ ಕಾಫಿ, ಹನ್ನೊಂದಕ್ಕೆ ಮತ್ತೊಂದು, ಸಂಜೆ ಮತ್ತೆ. ಎಷ್ಟೋ ವಿದ್ಯಾರ್ಥಿಗಳು ವರ್ಷಗಟ್ಟಲೆ ಹೀಗೇ ಸುತ್ತುತ್ತಾರೆ, ತಮ್ಮ ಮೈಗುಣವೇ ಸುಸ್ತಿನದು ಅಂದುಕೊಂಡಿರುತ್ತಾರೆ.

ಜೇನುಗೂಡು

ಸ್ವಲ್ಪ ಪಕ್ಕದ ದಾರಿ, ಕ್ಷಮಿಸಿ. ಗಿಡಗಳು ಕೆಫೀನ್ ಮಾಡೋದು ನಮಗೋಸ್ಕರ ಅಲ್ಲ. ಎಲೆ, ಬೀಜಗಳಲ್ಲಿ ಅದು ಹುಳುಗಳಿಗೆ ವಿಷ. ಆದ್ರೆ ಕಾಫಿ ಮತ್ತು ಕಿತ್ತಳೆ ಜಾತಿಯ ಹೂವಿನ ಮಕರಂದದಲ್ಲಿ ಬಹಳ ಕಡಿಮೆ ಪ್ರಮಾಣದಲ್ಲಿರುತ್ತೆ, ಆ ಮಕರಂದ ಕುಡಿದ ಜೇನುನೊಣಗಳು ಹೂವಿನ ವಾಸನೆಯನ್ನ ಹೆಚ್ಚು ಕಾಲ ನೆನಪಿಟ್ಟುಕೊಳ್ತವೆ ಅಂತ 2013ರಲ್ಲಿ ತೋರಿಸಿದ್ರು. ಒಂದೇ ಅಣು, ಜಾಸ್ತಿ ಆದ್ರೆ ಓಡಿಸುತ್ತೆ, ಚೂರು ಇದ್ರೆ ಮತ್ತೆ ಮತ್ತೆ ಕರೆಯುತ್ತೆ. ಎಂಥಾ ಸೊಗಸು ಅಲ್ವಾ! ಕಾಫಿ, ಟೀ, ಕೋಕೋ ಗಿಡಗಳು ಇದನ್ನ ಮಾಡೋ ವಿದ್ಯೆಯನ್ನ ಬೇರೆ ಬೇರೆಯಾಗಿಯೇ ಕಲಿತವು, ಒಂದರಿಂದ ಇನ್ನೊಂದಕ್ಕೆ ಬಂದದ್ದಲ್ಲ.

ಔಷಧಪಾಠ

ಜೇನುಗೂಡು ಅವರೇ, ಕ್ಷಮೆ ಯಾಕೆ, ತುಂಬಾ ಚೆನ್ನಾಗಿದೆ.

ಈಗ ಅಕ್ಕನ ವಿಷಯ. ಕೆಫೀನನ್ನು ಒಡೆಯುವುದು ಯಕೃತ್ತು, ಮುಖ್ಯವಾಗಿ ಸಿವೈಪಿ1ಎ2 ಅನ್ನುವ ಕಿಣ್ವ. ಅದರ ಚುರುಕು ಎಲ್ಲರಲ್ಲೂ ಒಂದೇ ಅಲ್ಲ. ಒಬ್ಬರಲ್ಲಿ ಅರ್ಧಾಯುಷ್ಯ ಎರಡು ಗಂಟೆಯಿದ್ದರೆ ಇನ್ನೊಬ್ಬರಲ್ಲಿ ಒಂಬತ್ತು ಇರಬಹುದು. ಸ್ವಲ್ಪ ಮಟ್ಟಿಗೆ ಜೀನುಗಳು ಕಾರಣ, ಒಂದೇ ತಂದೆತಾಯಿಯ ಮಕ್ಕಳಿಗೂ ಬೇರೆ ಬೇರೆ ರೂಪ ಬಂದಿರಬಹುದು. ಉಳಿದದ್ದು ಬದುಕಿನ ಸ್ಥಿತಿ. ಸಿಗರೇಟು ಸೇದುವವರಲ್ಲಿ ಆ ಕಿಣ್ವ ಜಾಸ್ತಿಯಾಗಿ ಕೆಫೀನ್ ಸುಮಾರು ಎರಡು ಪಟ್ಟು ವೇಗವಾಗಿ ಹೋಗುತ್ತದೆ. ಸೇದುವುದನ್ನು ಬಿಟ್ಟವರು ಕಾಫಿಯನ್ನು ಮೊದಲಿನಷ್ಟೇ ಕುಡಿದರೆ ರಕ್ತದಲ್ಲಿ ಕೆಫೀನ್ ಏರುತ್ತದೆ. ಆಗ ಬರುವ ಚಡಪಡಿಕೆ, ನಿದ್ದೆಗೇಡನ್ನು ಪೂರ್ತಿ ಸಿಗರೇಟು ಬಿಟ್ಟದ್ದರ ಲೆಕ್ಕಕ್ಕೇ ಬರೆದುಕೊಂಡು ಮತ್ತೆ ಸೇದಲು ಶುರುಮಾಡುವವರಿದ್ದಾರೆ. ಬಿಡುವವರು ದಯವಿಟ್ಟು ಕಾಫಿಯನ್ನೂ ಅರ್ಧಕ್ಕೆ ಇಳಿಸಿ.

ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅರ್ಧಾಯುಷ್ಯ ಸುಮಾರು ದುಪ್ಪಟ್ಟಾಗುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್, ಫ್ಲುವೊಕ್ಸಮೈನ್ ಅನ್ನುವ ಮನೋರೋಗದ ಔಷಧ, ಇವೂ ಆ ಕಿಣ್ವವನ್ನು ತಡೆಯುತ್ತವೆ. ಇನ್ನು ಎ2ಎ ಗ್ರಾಹಕದ ಜೀನಿನಲ್ಲೇ ವ್ಯತ್ಯಾಸವಿದ್ದು ಕೆಲವರಿಗೆ ಕಡಿಮೆ ಕೆಫೀನಿಗೂ ಎದೆ ಡವಡವ, ಆತಂಕ ಬರುತ್ತದೆ. ಅಂಥವರಿಗೆ "ಎರಡೇ ಕಪ್ ತಾನೆ" ಅಂತ ಹೇಳುವುದು ಅನ್ಯಾಯ. ಇಬ್ಬರ ಮುಂದೆ ಇಟ್ಟ ಕಪ್ ಒಂದೇ ಅಳತೆಯದ್ದಾದರೂ ದೇಹಕ್ಕೆ ಸಿಗುವ ಮದ್ದು ಒಂದೇ ಅಲ್ಲ.

ನಿಮ್ಮ ಅಕ್ಕನ ಯಕೃತ್ತು ವೇಗದ್ದಿರಬಹುದು. ಅಥವಾ ಅವರ ಗಾಢ ನಿದ್ದೆಯೂ ಕಡಿಮೆಯಾಗುತ್ತಿದ್ದು ಅವರಿಗೆ ಗೊತ್ತಿಲ್ಲದಿರಬಹುದು. ಲವಲವಿಕೆಯಿಂದ ಏಳುತ್ತಾರೆ ಅಂದಿದ್ದರಿಂದ ಮೊದಲನೆಯದೇ ಇರಬೇಕು.

ಹೊಸಅಮ್ಮ

ಮೇಡಂ, ಬಸುರಿಯರಿಗೆ ಎಷ್ಟು ಕುಡಿಯಬಹುದು ಅಂತ ದಯವಿಟ್ಟು ಹೇಳಿ, ನನ್ನ ತಂಗಿಗೆ ಈಗ ಏಳನೇ ತಿಂಗಳು. ಇನ್ನೊಂದು ಮಾತು. ನಮ್ಮ ಪಾಪು ದಿನ ತುಂಬುವ ಮುಂಚೆಯೇ ಹುಟ್ಟಿದ್ದು. ಐಸಿಯುನಲ್ಲಿ ಡಾಕ್ಟರು ಕೆಫೀನ್ ಕೊಡ್ತಿದ್ದೀವಿ ಅಂದಾಗ ನನ್ನ ಕೈಕಾಲೇ ತಣ್ಣಗಾಗಿತ್ತು. ಅಷ್ಟು ಸಣ್ಣ ಜೀವಕ್ಕೆ ಯಾಕೆ ಅಂತ ಕೇಳೋಕೂ ಆಗ ಬಾಯಿ ಬರಲಿಲ್ಲ. ಪಾಪು ಈಗ ಚೆನ್ನಾಗಿದ್ದಾನೆ, ಮನೆ ತುಂಬಾ ಓಡಾಡ್ತಾನೆ. ಆದ್ರೂ ಯಾಕೆ ಅಂತ ತಿಳಿಯೋ ಆಸೆ.

ಇರುಳುಪಾಳಿ

ಪಾಪು ಓಡಾಡ್ತಿದ್ದಾನೆ ಅಂತ ಓದಿ ಎಷ್ಟು ಖುಷಿ ಆಯ್ತು! ಇದಕ್ಕೆ ನಾನೇ ಉತ್ತರ ಹೇಳ್ತೀನಿ, ಆ ವಾರ್ಡಿನಲ್ಲಿ ಕೆಲಸ ಮಾಡಿದ್ದೀನಿ.

ಬೇಗ ಹುಟ್ಟಿದ ಮಕ್ಕಳಲ್ಲಿ ಮಿದುಳಿನ ಉಸಿರಾಟದ ಕೇಂದ್ರ ಇನ್ನೂ ಬಲಿತಿರಲ್ಲ. ಉಸಿರಾಡ್ತಾ ಇದ್ದ ಮಗು ಇದ್ದಕ್ಕಿದ್ದ ಹಾಗೆ ಕೆಲವು ಸೆಕೆಂಡ್ ಉಸಿರು ನಿಲ್ಲಿಸಿಬಿಡುತ್ತೆ. ಕೆಫೀನ್ ಆ ಕೇಂದ್ರವನ್ನ ಚುರುಕು ಮಾಡುತ್ತೆ. ಕೆಫೀನ್ ಸಿಟ್ರೇಟ್ ಅಂತ ಔಷಧದ ರೂಪದಲ್ಲಿ, ತೂಕಕ್ಕೆ ತಕ್ಕ ಹಾಗೆ ಅಳೆದು ಕೊಡ್ತಾರೆ. ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ, ಯಾಕಂದ್ರೆ ಹಸುಗೂಸಿನ ಯಕೃತ್ತಿಗೆ ಅದನ್ನ ಒಡೆಯೋ ಶಕ್ತಿ ಬಂದಿರಲ್ಲ, ಅರ್ಧಕ್ಕೆ ಇಳಿಯೋಕೇ ಮೂರು ನಾಲ್ಕು ದಿನ ಹಿಡಿಯುತ್ತೆ. ದೊಡ್ಡವರಿಗೆ ಐದು ಗಂಟೆ, ಇವರಿಗೆ ಮೂರು ನಾಲ್ಕು ದಿನ, ಯೋಚನೆ ಮಾಡಿ.

ಇದು ಸುರಕ್ಷಿತವಾ ಅಂತ ಹಲವು ದೇಶಗಳ 2006 ಶಿಶುಗಳನ್ನ ಸೇರಿಸಿ ಒಂದು ದೊಡ್ಡ ಪರೀಕ್ಷೆ ಮಾಡಿದ್ರು, ಎಲ್ಲಾ 500ರಿಂದ 1250 ಗ್ರಾಂ ತೂಕದಲ್ಲಿ ಹುಟ್ಟಿದ ಮಕ್ಕಳು. ಮೊದಲ ಫಲಿತಾಂಶ ಬಂದಿದ್ದೂ 2006ರಲ್ಲೇ. ಕೆಫೀನ್ ಸಿಕ್ಕ ಮಕ್ಕಳಲ್ಲಿ ಶ್ವಾಸಕೋಶದ ದೀರ್ಘಕಾಲದ ತೊಂದರೆ ಕಡಿಮೆ ಇತ್ತು. ಒಂದೂವರೆ ವರ್ಷ ದಾಟಿದ ಮೇಲೆ ನೋಡಿದಾಗ, ಅಂಗವೈಕಲ್ಯ ಇಲ್ಲದೆ ಬದುಕಿ ಉಳಿದವರೂ ಹೆಚ್ಚು. ಧೈರ್ಯವಾಗಿರಿ, ನಿಮ್ಮ ಪಾಪುಗೆ ಕೊಟ್ಟಿದ್ದು ಒಳ್ಳೆಯ ಔಷಧ.

ಔಷಧಪಾಠ

ತಂಗಿಗೆ: ಗರ್ಭಿಣಿಯರು ದಿನಕ್ಕೆ 200 ಮಿಲಿಗ್ರಾಂ ದಾಟಬಾರದು ಅನ್ನುವುದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ 2015ರ ಅಭಿಪ್ರಾಯ. ಅಮೆರಿಕದ ಪ್ರಸೂತಿ ತಜ್ಞರ ಸಂಘ ಹೇಳುವುದೂ ಅದೇ ಮಟ್ಟವನ್ನು. ಟೀ, ಕೋಲಾ, ಚಾಕೊಲೇಟ್ ಎಲ್ಲ ಸೇರಿ 200. ಏಳನೇ ತಿಂಗಳು ಅಂದರೆ ಅವರ ದೇಹದಲ್ಲಿ ಅರ್ಧಾಯುಷ್ಯ 15 ಗಂಟೆಯವರೆಗೂ ಹೋಗಬಹುದು. ಕೆಫೀನ್ ಗರ್ಭಚೀಲದ ಮಾಸು ದಾಟಿ ಮಗುವಿಗೂ ತಲುಪುತ್ತದೆ, ಮಗುವಿಗೆ ಅದನ್ನು ಒಡೆಯಲು ಬರುವುದಿಲ್ಲ. ಮಿತಿಗಿಂತ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಅವರ ವೈದ್ಯರ ಮಾತು ಕೇಳಲಿ.

ಉಳಿದ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400, ಒಂದೇ ಸಲಕ್ಕೆ 200.

ತಲೆಭಾರ

ನಿದ್ದೆಗಣ್ಣು ಅವರ ತಲೆನೋವಿನ ಪ್ರಶ್ನೆ ಹಾಗೇ ಉಳಿದುಹೋಯ್ತು. ನನಗೂ ಅದೇ ತೊಂದರೆ. ಮಜಾ ಅಂದ್ರೆ ಮೆಡಿಕಲ್ ಶಾಪಿನ ತಲೆನೋವಿನ ಮಾತ್ರೆ ಎಷ್ಟೋ ಸಲ ಕೆಫೀನ್ ಸೇರಿದ್ದೇ ಇರುತ್ತೆ. ನೋವು ಕೊಡೋದೂ ಅದೇ, ತೆಗೆಯೋದೂ ಅದೇನಾ?

ಔಷಧಪಾಠ

ಹೌದು, ಎರಡಕ್ಕೂ ಕಾರಣ ಒಂದೇ. ಅಡೆನೊಸಿನ್ ಮಿದುಳಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಕೆಫೀನ್ ಅದನ್ನು ತಡೆದು ನಾಳಗಳನ್ನು ಕುಗ್ಗಿಸುತ್ತದೆ. 250 ಮಿಲಿಗ್ರಾಂ ಕೆಫೀನಿಗೆ ಮಿದುಳಿನ ರಕ್ತದ ಹರಿವು ಸುಮಾರು ಕಾಲು ಭಾಗದಷ್ಟು ಇಳಿದದ್ದನ್ನು ಅಳೆದಿದ್ದಾರೆ. ರೋಜು ಕುಡಿಯುವವರ ದೇಹ ಇದಕ್ಕೆ ಹೊಂದಿಕೊಂಡಿರುತ್ತದೆ, ಅಡೆನೊಸಿನ್ ಗ್ರಾಹಕಗಳೇ ಹೆಚ್ಚಾಗುವುದನ್ನು ಪ್ರಾಣಿಗಳಲ್ಲಿ ಕಂಡಿದ್ದಾರೆ. ಒಂದು ದಿನ ಕೆಫೀನ್ ಬರದೇ ಹೋದರೆ ಅಡೆನೊಸಿನ್‌ಗೆ ಪೂರ್ತಿ ಜಾಗ ಸಿಗುತ್ತದೆ, ನಾಳಗಳು ಹಿಗ್ಗುತ್ತವೆ, ತಲೆ ಸಿಡಿಯುತ್ತದೆ.

ಸಾಮಾನ್ಯವಾಗಿ ಕೊನೆಯ ಕಪ್ ಆಗಿ 12ರಿಂದ 24 ಗಂಟೆಯೊಳಗೆ ಶುರು, ಒಂದೆರಡು ದಿನಕ್ಕೆ ತಾರಕಕ್ಕೆ ಏರಿ ಎರಡರಿಂದ ಒಂಬತ್ತು ದಿನದೊಳಗೆ ಇಳಿಯುತ್ತದೆ. ಜೊತೆಗೆ ಮಂಕು, ಸಿಡುಕು, ಕೆಲವರಿಗೆ ಜ್ವರ ಬರುವ ಮುಂಚಿನಂಥ ಮೈಕೈ ನೋವು. ಇದನ್ನು ಮಾನಸಿಕ ಕಾಯಿಲೆಗಳನ್ನು ಪಟ್ಟಿಮಾಡುವ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ಕೆಫೀನ್ ಹಿಂತೆಗೆತ ಅಂತ ಅಧಿಕೃತವಾಗಿ ಸೇರಿಸಿದ್ದಾರೆ. ಕೆಫೀನ್ ಬಳಕೆಯ ವ್ಯಾಧಿ ಅನ್ನುವುದನ್ನು ಮಾತ್ರ ಇನ್ನಷ್ಟು ಅಧ್ಯಯನ ಬೇಕಾದದ್ದು ಅಂತ ಬೇರೆಯಾಗಿಯೇ ಇಟ್ಟಿದ್ದಾರೆ. ಹಾಗಾಗಿ ನಿದ್ದೆಗಣ್ಣು ಅವರೇ, ನಿಮ್ಮ ದೇಹಕ್ಕೆ ಅಭ್ಯಾಸ ಹತ್ತಿದೆ, ಅದು ನಿಜ. ಅದರಿಂದ ನಾಚಿಕೆಪಡಬೇಕಾದ್ದೇನೂ ಇಲ್ಲ.

ಬಿಡಬೇಕೆಂದರೆ ಒಮ್ಮೆಗೇ ನಿಲ್ಲಿಸಬೇಡಿ. ಎರಡು ಮೂರು ದಿನಕ್ಕೊಮ್ಮೆ ಅರ್ಧ ಕಪ್ ಇಳಿಸುತ್ತಾ ಬನ್ನಿ, ಕೊನೆಯದರಿಂದ ಶುರುಮಾಡಿ. ತಲೆಭಾರ ಅವರೇ, ಕೆಫೀನ್ ಸೇರಿದ ನೋವಿನ ಮಾತ್ರೆಯನ್ನು ವಾರದಲ್ಲಿ ಹಲವು ದಿನ ನುಂಗುತ್ತಿದ್ದರೆ ಮಾತ್ರೆಯೇ ತಲೆನೋವನ್ನು ಉಳಿಸಿಕೊಂಡು ಹೋಗಬಹುದು. ಅದನ್ನು ವೈದ್ಯರಿಗೆ ತೋರಿಸಲೇಬೇಕು.

ಓಟಗಾರ

ಕಾಫಿ ಕುಡಿದ್ರೆ ಮೈಯಲ್ಲಿ ನೀರು ಬತ್ತುತ್ತೆ ಅಂತಾರಲ್ಲ, ನಿಜಾನಾ? ಬೆಳಿಗ್ಗೆ ಎದ್ದು ಒಂದೂವರೆ ಗಂಟೆ ಬಿಟ್ಟು ಕುಡಿಬೇಕು ಅನ್ನೋ ವಿಡಿಯೋಗಳೂ ಬೇಕಾದಷ್ಟಿವೆ.

ಔಷಧಪಾಠ

ಮೊದಲನೆಯದು: ರೂಢಿಯಿರುವವರಿಗೆ ಹಾಗೇನೂ ಆಗುವುದಿಲ್ಲ, ಮಿತವಾಗಿ ಕುಡಿದ ಕಾಫಿ ದೇಹದ ನೀರಿನ ಲೆಕ್ಕಕ್ಕೇ ಸೇರುತ್ತದೆ. ಎರಡನೆಯದಕ್ಕೆ ಗಟ್ಟಿ ಆಧಾರ ಕಾಣುವುದಿಲ್ಲ, ನಿಮಗೆ ಹಿತವೆನಿಸಿದರೆ ಮಾಡಿ.

ರಕ್ತದೊತ್ತಡ ಮಾತ್ರ ನಿಜವಾದ ವಿಷಯ. ರೂಢಿಯಿಲ್ಲದವರಲ್ಲಿ ಕೆಲವು ಗಂಟೆಗಳ ಮಟ್ಟಿಗೆ 5ರಿಂದ 10 ಅಂಕಿ ಏರಬಹುದು. ಬಿಪಿ ಪರೀಕ್ಷೆಗೆ ಮುಂಚೆ ಕಾಫಿ ಬೇಡ ಅನ್ನುವುದು ಅದಕ್ಕೇ. ಕೊಲೆಸ್ಟರಾಲ್ ಇರುವವರು ಇನ್ನೊಂದನ್ನು ಗಮನಿಸಿ. ಸೋಸದೆ ಕುದಿಸಿದ ಕಾಫಿಯಲ್ಲಿ ಕೆಫೆಸ್ಟಾಲ್ ಅನ್ನುವ ಎಣ್ಣೆಯಂಶ ಉಳಿದು ಕೆಟ್ಟ ಕೊಲೆಸ್ಟರಾಲ್ ಆದ ಎಲ್‌ಡಿಎಲ್ ಏರಿಸುತ್ತದೆ, ಕಾಗದದ ಫಿಲ್ಟರಿನಲ್ಲಿ ಅದು ಬಹುಪಾಲು ನಿಲ್ಲುತ್ತದೆ. ಇದರಲ್ಲಿ ಕೆಫೀನಿನ ಪಾತ್ರವಿಲ್ಲ.

ಇರುಳುಪಾಳಿ

ನನ್ನದೊಂದು ಕಳಕಳಿಯ ಮಾತು. ಹದಿಹರೆಯದ ಮಕ್ಕಳು ಎನರ್ಜಿ ಡ್ರಿಂಕ್ ಡಬ್ಬಿ ಮೇಲೆ ಡಬ್ಬಿ ಖಾಲಿ ಮಾಡ್ತಾರೆ. 250 ಮಿಲಿ ಡಬ್ಬಿಯಲ್ಲಿ ಸುಮಾರು 80 ಮಿಲಿಗ್ರಾಂ, ದೊಡ್ಡದರಲ್ಲಿ ಅದರ ಎರಡರಷ್ಟು. ತಣ್ಣಗೆ ಸಿಹಿಯಾಗಿ ಇರೋದ್ರಿಂದ ಗಟಗಟ ಇಳಿಯುತ್ತೆ. ಮಕ್ಕಳಿಗೆ ದಿನಕ್ಕೆ ಕೆಜಿಗೆ 3 ಮಿಲಿಗ್ರಾಂ ದಾಟಬಾರದು, ಅಂದ್ರೆ 40 ಕೆಜಿ ಮಗುವಿಗೆ 120. ಮದ್ಯದ ಜೊತೆ ಬೆರೆಸೋದು ಇನ್ನೂ ಕೆಟ್ಟದ್ದು. ಮಂಪರು ಗೊತ್ತಾಗಲ್ಲ, ಆದ್ರೆ ಅಮಲು ಅಷ್ಟೇ ಇರುತ್ತೆ, ನಾನು ಸರಿಯಾಗಿದ್ದೀನಿ ಅಂತ ಗಾಡಿ ಹತ್ತುತ್ತಾರೆ.

ಶುದ್ಧ ಕೆಫೀನ್ ಪುಡಿಯನ್ನಂತೂ ಮನೆಗೆ ತರಲೇಬೇಡಿ. ಒಂದೇ ಸಲಕ್ಕೆ 1200 ಮಿಲಿಗ್ರಾಂ ಹೋದ್ರೆ ಫಿಟ್ಸ್ ಬರಬಹುದು, ಆ ಪುಡಿ ಅರ್ಧ ಟೀ ಚಮಚದಲ್ಲೇ ಅಷ್ಟು ಇರುತ್ತೆ. ಪುಡಿಯನ್ನ ಕಣ್ಣಳತೆಯಲ್ಲಿ ಹಾಕ್ಕೊಂಡು ಸತ್ತವರಿದ್ದಾರೆ.

ನಿದ್ದೆಗಣ್ಣು

ಎಲ್ಲರಿಗೂ ಧನ್ಯವಾದ. ಸಂಜೆ ಕಾಫಿಯನ್ನ ಮಧ್ಯಾಹ್ನ ಒಂದಕ್ಕೆ ತರ್ತೀನಿ, ನಾಲ್ಕಕ್ಕೆ ಕೆಫೀನ್ ತೆಗೆದ ಡೀಕ್ಯಾಫ್ ಕಾಫಿ ಕುಡೀತೀನಿ. ಡೀಕ್ಯಾಫ್ ಆದ್ರೆ ಯೋಚನೆ ಇಲ್ಲ ತಾನೆ? ಮುಂದಿನ ತಿಂಗಳು ಅಪ್ಪನಿಗೆ ಹೃದಯದ ಸ್ಟ್ರೆಸ್ ಸ್ಕ್ಯಾನ್ ಇದೆ, ಅವರಿಗೂ ಅದನ್ನೇ ಕೊಡೋಣ ಅಂತಿದ್ದೀನಿ.

ಔಷಧಪಾಠ

ನಿಮಗೆ ಯೋಚನೆಯಿಲ್ಲ, ಡೀಕ್ಯಾಫ್‌ನಲ್ಲಿ ಕಪ್ಪಿಗೆ ಕೆಲವೇ ಮಿಲಿಗ್ರಾಂ ಇರುತ್ತದೆ. ಎರಡು ವಾರ ಬಿಡದೆ ಮಾಡಿ ನೋಡಿ, ಮೊದಲ ಕೆಲವು ದಿನದ ಮಂಕಿಗೆ ಹೆದರಬೇಡಿ. ಆಮೇಲೂ ಬೆಳಗಿನ ಸುಸ್ತು ಹೋಗದಿದ್ದರೆ ರಕ್ತಹೀನತೆ, ಥೈರಾಯ್ಡ್, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಇವನ್ನೆಲ್ಲ ಪರೀಕ್ಷಿಸಿಕೊಳ್ಳಿ. ಥೈರಾಯ್ಡ್ ಮಾತ್ರೆ ಶುರುವಾದರೆ ಅದನ್ನು ನೀರಿನಲ್ಲೇ ನುಂಗಿ ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು, ಇಲ್ಲವಾದರೆ ಅದು ಸರಿಯಾಗಿ ಹೀರಿಕೆಯಾಗುವುದಿಲ್ಲ.

ಅಪ್ಪನ ವಿಷಯ ಬೇರೆ. ಅಂಥ ಕೆಲವು ಸ್ಕ್ಯಾನುಗಳಲ್ಲಿ ಹೃದಯದ ನಾಳಗಳನ್ನು ಹಿಗ್ಗಿಸಲು ಕೊಡುವ ಇಂಜೆಕ್ಷನ್ ಅಡೆನೊಸಿನ್ನೇ, ಅಥವಾ ಅದೇ ಗ್ರಾಹಕಗಳ ಮೂಲಕ ಕೆಲಸ ಮಾಡುವ ಔಷಧ. ರಕ್ತದಲ್ಲಿ ಕೆಫೀನ್ ಇದ್ದರೆ ಅದರ ಕೆಲಸ ಕುಂದಿ, ಇರುವ ತೊಂದರೆ ಕಾಣದೇ ಹೋಗಬಹುದು. 12ರಿಂದ 24 ಗಂಟೆ ಮುಂಚಿನಿಂದ ಕಾಫಿ, ಟೀ, ಕೋಲಾ, ಚಾಕೊಲೇಟ್, ಕೆಫೀನ್ ಸೇರಿದ ಮಾತ್ರೆ ಯಾವುದೂ ಬೇಡ, ಡೀಕ್ಯಾಫ್ ಕೂಡ ಬೇಡ. ಎಷ್ಟು ಗಂಟೆ ಅನ್ನುವುದನ್ನು ಸ್ಕ್ಯಾನ್ ಮಾಡುವವರಿಗೇ ಫೋನ್ ಮಾಡಿ ಕೇಳಿ. ಅವರಾಗಿಯೇ ಹೇಳುತ್ತಾರೆ ಅಂತ ಕಾಯಬೇಡಿ.